ಈರುಳ್ಳಿ ಗೊಜ್ಜು: ಅಳತೆ, ವಿಧಾನ, ಕೆಡದಂತೆ ಇಡುವ ಕ್ರಮ

ಸಿಹಿ, ಹುಳಿ, ಖಾರ ಮೂರೂ ಸೇರಿದ ಈರುಳ್ಳಿ ಗೊಜ್ಜು ನಮ್ಮ ಗಡಿಭಾಗದ ಮನೆಗಳಿಗೆ ಹೊಸದೇನಲ್ಲ. ಆದರೆ ಅದರ ಅಳತೆ ಹೆಚ್ಚಿನ ಮನೆಗಳಲ್ಲಿ ಹಿರಿಯರ ಕೈಯಲ್ಲಿದೆ, ಕಾಗದದ ಮೇಲಿಲ್ಲ. ಊರು ಬಿಟ್ಟು ಕೆಲಸಕ್ಕೆ ಹೋದ ಮಕ್ಕಳು ಫೋನಿನಲ್ಲಿ ಕೇಳಿದರೆ ‘ಕಣ್ಣಳತೆಗೆ ಹಾಕು’ ಎಂಬ ಉತ್ತರ ಸಿಗುತ್ತದೆ. ತಿನ್ನುವ ದಿನವೇ ಮುಗಿಯುವ ಅಡುಗೆಗೆ ಕಣ್ಣಳತೆ ಸಾಕು. ಡಬ್ಬಿಗೆ ತುಂಬಿ ವಾರಗಟ್ಟಲೆ ಇಡುವ ಗೊಜ್ಜಿಗೆ ಸಾಲದು. ಆದ್ದರಿಂದ ಈ ಬರಹದಲ್ಲಿ ಅಳತೆ ಮತ್ತು ಕಾರಣ ಎರಡನ್ನೂ ಕೊಟ್ಟಿದ್ದೇವೆ.

ಒಂದೇ ಗೊಜ್ಜು, ಹಲವು ಮಾತು

ಹೊಸೂರು, ತಾಳವಾಡಿಯ ಕಡೆ ನಾವು ಈರುಳ್ಳಿ ಎನ್ನುತ್ತೇವೆ. ಕಾಸರಗೋಡಿನ ಬಂಧುಗಳಿಗೆ ಅದು ನೀರುಳ್ಳಿ, ಅಕ್ಕಲಕೋಟೆ, ಜತ್ತದವರಿಗೆ ಉಳ್ಳಾಗಡ್ಡಿ. ನಮ್ಮ ನೆರೆಯ ತಮಿಳು ಮನೆಗಳಲ್ಲಿ ಇದಕ್ಕೆ ಹತ್ತಿರದ್ದು ವೆಂಗಾಯ ತೊಕ್ಕು, ತೆಲುಗು ಮನೆಗಳಲ್ಲಿ ಉಲ್ಲಿಪಾಯ ಪಚ್ಚಡಿ. ತೊಕ್ಕಿನಲ್ಲಿ ಖಾರ ಮುಂದು. ಗೊಜ್ಜಿನಲ್ಲಿ ಬೆಲ್ಲ ಎದ್ದು ಕಾಣಬೇಕು.

ಹೊಸೂರಿಗೆ ಹತ್ತಿರದ ಸಾನಮಾವು ರಾಗಿ ಬೆಳೆಯುವ ಸೀಮೆ. ರಾಗಿ ಬಲಿಯುವ ಹೊತ್ತಿಗೆ ಆನೆ ಹಿಂಡುಗಳು ತಳಿ, ಜವಳಗಿರಿಯ ಕಾಡುಗಳನ್ನು ದಾಟಿ ಸಾನಮಾವು ಕಾಡಿಗೆ ಬರುತ್ತವೆ. ಆ ತಿಂಗಳುಗಳಲ್ಲಿ ರಾತ್ರಿ ಹೊಲ ಕಾಯುವುದು ತಪ್ಪದು. ಅಲ್ಲಿಗೆ ಒಯ್ಯುವ ಬುತ್ತಿಯ ಮುದ್ದೆ, ರೊಟ್ಟಿಗೆ ನೆಂಚಿಕೊಳ್ಳಲು ಸಾರಿನಂತೆ ಚೆಲ್ಲದ, ಕಾಯಿ ಚಟ್ನಿಯಂತೆ ಬೇಗ ಹಳಸದ ಪದಾರ್ಥ ಬೇಕು. ಗೊಜ್ಜು ಅದಕ್ಕೆ ಒಗ್ಗುತ್ತದೆ.

ಯಾವ ಈರುಳ್ಳಿ?

ಬೇಸಿಗೆ ಕೊಯ್ಲಿನ ಒಣಗಿದ ಈರುಳ್ಳಿ ಉತ್ತಮ. ಮಳೆಗಾಲದ ಬೆಳೆಯಲ್ಲಿ ನೀರು ಹೆಚ್ಚು, ಹುರಿಯಲು ಹೊತ್ತು ಹಿಡಿಯುತ್ತದೆ. ಸಾಂಬಾರ್ ಈರುಳ್ಳಿ ಹಾಕಿದರೆ ಸಿಹಿ ಹೆಚ್ಚು, ಬಿಡಿಸುವ ಕೆಲಸವೂ ಹೆಚ್ಚು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ‘ಬೆಂಗಳೂರು ರೋಸ್’ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಚಿಕ್ಕದು, ಕಡುಗೆಂಪು, ಘಾಟು ಜಾಸ್ತಿ. ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಸಿಕ್ಕರೆ ಗೊಜ್ಜಿಗೆ ಬಿಡಬೇಡಿ.

ಬೇಕಾಗುವ ಪದಾರ್ಥ (ಸುಮಾರು 400 ಗ್ರಾಂ ಗೊಜ್ಜಿಗೆ)

• ಸಿಪ್ಪೆ ತೆಗೆದ ಈರುಳ್ಳಿ – 500 ಗ್ರಾಂ
• ಹುಣಸೆಹಣ್ಣು – 50 ಗ್ರಾಂ
• ಪುಡಿ ಮಾಡಿದ ಬೆಲ್ಲ – 75 ಗ್ರಾಂ
• ಬ್ಯಾಡಗಿ ಮೆಣಸಿನಕಾಯಿ – 8, ಗುಂಟೂರು ಮೆಣಸಿನಕಾಯಿ – 4
• ಧನಿಯಾ – 1 ದೊಡ್ಡ ಚಮಚ
• ಮೆಂತ್ಯ – ಅರ್ಧ ಚಿಕ್ಕ ಚಮಚ
• ಸಾಸಿವೆ – 1 ಚಿಕ್ಕ ಚಮಚ
• ಉಪ್ಪು – 15 ಗ್ರಾಂ
• ಎಳ್ಳೆಣ್ಣೆ – 5 ದೊಡ್ಡ ಚಮಚ
• ಅರಿಸಿನ, ಇಂಗು, ಒರೆಸಿ ಒಣಗಿಸಿದ ಕರಿಬೇವು

ಎಳ್ಳೆಣ್ಣೆಗೆ ನಮ್ಮ ಹಿರಿಯರು ಒಳ್ಳೆಣ್ಣೆ ಎನ್ನುತ್ತಾರೆ, ತಮಿಳಿನವರು ನಲ್ಲೆಣ್ಣೈ. ಎರಡೂ ಮಾತಿನ ಅರ್ಥ ಒಂದೇ.

ಮಾಡುವ ವಿಧಾನ

1. ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಗಟ್ಟಿಯಾಗಿ ಕಿವುಚಿ ರಸ ತೆಗೆಯಿರಿ.

2. ಮೆಂತ್ಯ, ಧನಿಯಾ, ಮೆಣಸಿನಕಾಯಿಯನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಪುಡಿ ಮಾಡಿ. ಮೆಂತ್ಯ ಕೆಂಪಗಾದರೆ ಸಾಕು. ಕಪ್ಪಾದರೆ ಕಹಿಯಾಗುತ್ತದೆ, ಆ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ.

3. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಅರಿಸಿನ ಹಾಕಿ. ನಂತರ ಈರುಳ್ಳಿ ಮತ್ತು ಉಪ್ಪು ಹಾಕಿ, ಮುಚ್ಚಳ ಹಾಕದೆ 15ರಿಂದ 20 ನಿಮಿಷ ಬಾಡಿಸಿ. ಘಾಟು ಹೋಗಿ, ನೀರು ಇಂಗಿ, ಹೊಂಬಣ್ಣಕ್ಕೆ ಬರಬೇಕು.

4. ಈಗ ಹುಣಸೆ ರಸ ಹಾಕಿ, ಹಸಿ ವಾಸನೆ ಹೋಗುವವರೆಗೆ ಸುಮಾರು 10 ನಿಮಿಷ ಕುದಿಸಿ. ರಸವನ್ನು ಮೊದಲೇ ಹಾಕಬಾರದು. ಹುಳಿ ಬಿದ್ದ ಮೇಲೆ ಈರುಳ್ಳಿ ಮೆತ್ತಗಾಗುವುದು ನಿಧಾನವಾಗುತ್ತದೆ.

5. ಕೊನೆಗೆ ಪುಡಿ ಮತ್ತು ಬೆಲ್ಲ ಸೇರಿಸಿ, ಕೈಬಿಡದೆ 8ರಿಂದ 10 ನಿಮಿಷ ತಿರುವಿ. ಬೆಲ್ಲವನ್ನು ಕೊನೆಗೆ ಹಾಕುವುದು ತಳ ಹಿಡಿಯದಿರಲಿ ಎಂದು. ಅಂಚಿನಲ್ಲಿ ಎಣ್ಣೆ ಬಿಟ್ಟು, ಸೌಟಿನಿಂದ ಎಳೆದ ಗೆರೆ ತಕ್ಷಣ ಕೂಡಿಕೊಳ್ಳದಿದ್ದರೆ ಗೊಜ್ಜು ಹದಕ್ಕೆ ಬಂದಿದೆ.

ಸ್ಟೀಲ್ ಪಾತ್ರೆ ಅಥವಾ ಕಲ್ಲಿನ ಪಾತ್ರೆ ಬಳಸಿ. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಆಗದು.

ಕೆಡದಂತೆ ಇಡುವುದು

ಗೊಜ್ಜನ್ನು ಕಾಯುವುದು ಮೂರು ಸಂಗತಿ: ನೀರು ಇಂಗಿರುವುದು, ಹುಳಿ, ಉಪ್ಪು. ಮಕ್ಕಳಿಗೆಂದು ಹುಳಿ ಕಡಿಮೆ ಮಾಡಿ ಸಿಹಿ ಹೆಚ್ಚಿಸಿದ ಗೊಜ್ಜನ್ನು ಎರಡು ಮೂರು ದಿನದಲ್ಲಿ ಮುಗಿಸಿಬಿಡಿ.

‘ಮೇಲೆ ಎಣ್ಣೆ ನಿಂತರೆ ಕೆಡುವುದಿಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ. ಎಣ್ಣೆ ಬೂಷ್ಟನ್ನು ತಡೆಯಬಹುದು. ಆದರೆ ಮಣ್ಣಿನಲ್ಲಿ ಬೆಳೆಯುವ ಈರುಳ್ಳಿ, ಬೆಳ್ಳುಳ್ಳಿಯೊಡನೆ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬರಬಹುದು. ಗಾಳಿ ಇಲ್ಲದ, ಹುಳಿ ಸಾಲದ ಕಡೆ ಅದು ವಿಷ ಉಂಟುಮಾಡುತ್ತದೆ. ಆ ವಿಷ ಮೂಗಿಗೂ ನಾಲಿಗೆಗೂ ಗೊತ್ತಾಗದು. ಹುಳಿ ಎಷ್ಟಿದೆಯೆಂದು ಮನೆಯಲ್ಲಿ ಅಳೆಯಲು ಸಾಧನ ಇರುವುದಿಲ್ಲ. ಹಾಗಾಗಿ ನಮ್ಮ ಸಲಹೆ ಇಷ್ಟು:

• ಗೊಜ್ಜು ಆರಿದ ಕೂಡಲೇ, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ.
• ಎರಡು ಮೂರು ವಾರದೊಳಗೆ ಮುಗಿಸಿ. ಒಣ ಚಮಚವನ್ನೇ ಹಾಕಿ.
• ಬುತ್ತಿಗೆ ಆ ದಿನಕ್ಕೆ ಬೇಕಾದಷ್ಟನ್ನೇ ತೆಗೆಯಿರಿ. ಉಳಿದದ್ದನ್ನು ಮತ್ತೆ ಬಾಟಲಿಗೆ ಸೇರಿಸಬೇಡಿ.
• ಬೂಷ್ಟು, ನೊರೆ, ಉಬ್ಬಿದ ಮುಚ್ಚಳ ಕಂಡರೆ ರುಚಿ ನೋಡದೆ ಎಸೆಯಿರಿ.
• ದೂರದ ಮಕ್ಕಳಿಗೆ ಕೊರಿಯರ್‌ನಲ್ಲಿ ಗೊಜ್ಜು ಕಳಿಸುವ ಬದಲು ಹುರಿದ ಪುಡಿ ಕಳಿಸಿ. ಈರುಳ್ಳಿಯನ್ನು ಅವರೇ ಬಾಡಿಸಿಕೊಳ್ಳಲಿ.

ನಿಮ್ಮ ಮನೆಯ ಅಳತೆ ಬರೆದಿಡಿ

ಶಾಲೆಯಲ್ಲಿ ಕನ್ನಡ ಕಲಿಯುವ ಅವಕಾಶ ಸಿಗದ ನಮ್ಮ ಮಕ್ಕಳ ಕಿವಿಗೆ ಬಾಡಿಸು, ಕಿವುಚು, ಹದ, ತಳ ಹಿಡಿ ಎಂಬ ಮಾತುಗಳು ಬೀಳುವುದು ಅಡುಗೆಮನೆಯಲ್ಲೇ. ಹಿರಿಯರು ಗೊಜ್ಜು ಮಾಡುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ, ಅವರು ಹಾಕುವ ಹಿಡಿಯನ್ನು ತಕ್ಕಡಿಯಲ್ಲಿ ತೂಗಿಸಿ, ಕನ್ನಡದಲ್ಲೇ ಬರೆಸಿ. ನಿಮ್ಮ ಊರಿನ ಹೆಸರು, ನಿಮ್ಮ ಮನೆಯ ಮಾತು ಹಾಗೆಯೇ ಇರಲಿ, ತಿದ್ದಬೇಡಿ. ಮುಂದಿನ ಕೂಟಕ್ಕೆ ಬರುವಾಗ ಆ ಹಾಳೆಯನ್ನು ತನ್ನಿ. ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ ಮೂರೂ ಕಡೆಯ ಅಳತೆಗಳನ್ನು ಒಟ್ಟಿಗೆ ಈ ಪುಟದಲ್ಲಿ ಹಾಕುತ್ತೇವೆ.