ಹೊಗೆ ಸೋಕದ ಹೊಗೆಸೊಪ್ಪು

ಐದೋ ಹತ್ತೋ ವರ್ಷ ಮುಚ್ಚಿಟ್ಟ ವರ್ಜೀನಿಯಾ ತಂಬಾಕಿನ ಡಬ್ಬಿಯನ್ನು ತೆರೆದಾಗ ಪೈಪ್ ಸೇದುವವರು ಹೆಚ್ಚಾಗಿ ಮಾತಾಡುವುದು ಅದರ ಸಿಹಿಯ ಬಗ್ಗೆ. ಡಬ್ಬಿಯೊಳಗೆ ಎಲೆಯ ಸಕ್ಕರೆಯೂ ಅಮೈನೋ ಆಮ್ಲಗಳೂ ನಿಧಾನವಾಗಿ ವರ್ತಿಸಿ ಹೊಸ ಪರಿಮಳ ಹುಟ್ಟುತ್ತದೆ. ಹಳದಿ ಎಲೆ ಕಂದಾಗುತ್ತದೆ, ನಾಲಿಗೆ ಚುರುಗುಟ್ಟಿಸುವ ಗುಣ ತಗ್ಗುತ್ತದೆ. ಹುಣಸೆಹಣ್ಣು ಹಳತಾದಂತೆ ಕಪ್ಪಾಗುವುದನ್ನು ಕಂಡವರಿಗೆ ಇದು ತೀರಾ ಹೊಸದಲ್ಲ. ಹೊಗಳಿಕೆಯೆಲ್ಲ ಕಾಲಕ್ಕೆ ಸಲ್ಲುತ್ತದೆ. ಆದರೆ ಕಾಲ ಕೆಲಸ ಮಾಡಬೇಕಾದರೆ ಎಲೆಯಲ್ಲಿ ಸಕ್ಕರೆ ಉಳಿದಿರಬೇಕು. ಅದನ್ನು ಉಳಿಸುವುದು ಬೆಂಕಿ ಕಾಯುವವರ ಕೆಲಸ.

ಈ ವಿದ್ಯೆಯ ಮೂಲದ ಬಗ್ಗೆ ಪ್ರಚಲಿತವಿರುವ ಕಥೆ 1839ರದು. ಅಮೆರಿಕದ ಉತ್ತರ ಕೆರೊಲಿನಾದ ಕ್ಯಾಸ್‌ವೆಲ್ ಕೌಂಟಿಯಲ್ಲಿ ಅಬೈಷಾ ಸ್ಲೇಡ್ ಎಂಬ ಜಮೀನುದಾರನ ಬಳಿ ಸ್ಟೀಫನ್ ಎಂಬ ಗುಲಾಮನಿದ್ದ. ತಂಬಾಕು ಒಣಗಿಸುವ ಬೆಂಕಿ ಕಾಯುತ್ತ ರಾತ್ರಿ ನಿದ್ದೆಹೋದ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಲ್ಲಿ ಕುಲುಮೆಯ ಇದ್ದಿಲು ತಂದು ಸುರಿದ. ಆ ದಿಢೀರ್ ಶಾಖಕ್ಕೆ ಎಲೆ ಹೊಳೆಯುವ ಹಳದಿಗೆ ತಿರುಗಿತು. ಹೆಸರೂ ಹಣವೂ ಸ್ಲೇಡನದಾಯಿತು. ಗುಲಾಮನಿಗೆ ಗಳಿಕೆಯ ಮೇಲೆ ಕಾನೂನಿನ ಹಕ್ಕೇ ಇರಲಿಲ್ಲ. ಮುಂದೆ ಇದ್ದಿಲಿನ ಬದಲು ಲೋಹದ ಕೊಳವೆಗಳು ಬಂದವು. ಒಲೆಯ ಹೊಗೆ ಕೊಳವೆಯಲ್ಲಿ ಹಾದು ಹೊರಗೆ ಹೋಗುತ್ತದೆ, ಎಲೆಗೆ ಶಾಖ ಮಾತ್ರ ತಾಗುತ್ತದೆ.

ಅದೇ ವಿಧಾನ ಇಂದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಬ್ಯಾರನ್‌ಗಳಲ್ಲಿದೆ. ಕನ್ನಡದ 'ಹೊಗೆಸೊಪ್ಪು' ಸೇದುವವರ ಕಡೆಯಿಂದ ನೋಡಿ ಇಟ್ಟ ಹೆಸರು. ಇಲ್ಲಿನ ಬೆಳೆಗಾರರಿಗೆ, ಎಲೆಗೆ ಹೊಗೆ ತಾಗಿತೆಂದರೆ ಮಾಲು ಕೆಟ್ಟಿತೆಂದೇ ಲೆಕ್ಕ.

ಮೊದಲು ಸುಮಾರು 35–40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆ ಹಳದಿಯಾಗಬೇಕು; ಆಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಅವಸರ ಮಾಡಿದರೆ ಹಸಿರು ಉಳಿಯುತ್ತದೆ, ತಡವಾದರೆ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಕಂದಾಗುತ್ತದೆ. ಆಮೇಲೆ ಹಂತ ಹಂತವಾಗಿ 70 ಡಿಗ್ರಿಯವರೆಗೆ ಏರಿಸಿ ನಡುದಂಟನ್ನು ಒಣಗಿಸಬೇಕು. ಸುಮಾರು ಒಂದು ವಾರ ಹಗಲೂ ರಾತ್ರಿ ಯಾರಾದರೊಬ್ಬರು ಒಲೆಯ ಮುಂದಿರಲೇಬೇಕು. ಒಂದು ಕಿಲೋ ಒಣ ಎಲೆಗೆ 4ರಿಂದ 5 ಕಿಲೋ ಸೌದೆ ಉರಿಯುತ್ತದೆ. ಮಳೆಗಾಲದ ಬೆಳೆಯಾದ್ದರಿಂದ ಒದ್ದೆ ಎಲೆ ಕೀಳುವವರ ಚರ್ಮದ ಮೂಲಕವೇ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿ ಬರುವುದುಂಟು.

ಗುಂಟೂರು ಕೇಂದ್ರವಾಗಿ 1976ರಲ್ಲಿ ತಂಬಾಕು ಮಂಡಳಿ ಶುರುವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಆರಂಭವಾಯಿತು. ಎಲೆಯ ಬಣ್ಣ, ಗುಣಮಟ್ಟ ನೋಡಿ ದರ ಕಟ್ಟುತ್ತಾರೆ. ಬಹುಪಾಲು ಸಿಗರೇಟಿಗೆ, ರಫ್ತಿಗೆ ಹೋಗುತ್ತದೆ. ಡಬ್ಬಿ ಸೇರುವ ವರ್ಜೀನಿಯಾ ಎಲೆಯೂ ಇಂಥದೇ ಬೆಂಕಿಯನ್ನು ದಾಟಿ ಬಂದದ್ದು.

ಎಷ್ಟು ವರ್ಷ ಮಾಗಿದರೂ ತಂಬಾಕಿನ ಹೊಗೆ ತರುವ ಕ್ಯಾನ್ಸರಿನ ಅಪಾಯ ಹೋಗುವುದಿಲ್ಲ. ಮಾಗಿದ್ದರಿಂದ ಏರುವ ಬೆಲೆಯೂ ಬೆಳೆದವರಿಗೆ ಬರುವುದಿಲ್ಲ. ಸೌದೆಯ ಸಾಲ, ಕೂಲಿಯ ಬಾಕಿ ತೀರಿಸಬೇಕಾದ ರೈತ ಎಲೆಯನ್ನು ಹತ್ತು ವರ್ಷ ಎಲ್ಲಿ ಮುಚ್ಚಿಟ್ಟುಕೊಂಡಾನು? ಆ ಹಂಗಾಮಿನಲ್ಲೇ, ಅಂದಿನ ದರಕ್ಕೆ ಮಾರಿ ಮನೆಗೆ ಹೋಗುತ್ತಾನೆ.