ಮುಂದೂಡಿದ ದೀಕ್ಷಾಸ್ನಾನ: ಸಂತ ಅಗಸ್ಟೀನರ ಮನೆಯಿಂದ ನಮ್ಮ ಮನೆಗಳಿಗೆ

ಪುನರುತ್ಥಾನ ಮಹೋತ್ಸವದ ಪಾಸ್ಕ ಜಾಗರಣೆಯಲ್ಲಿ ನಾವೆಲ್ಲರೂ ಉರಿಯುವ ಮೇಣದಬತ್ತಿ ಹಿಡಿದು ನಮ್ಮ ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಸೈತಾನನನ್ನೂ ಅವನ ಕಾರ್ಯಗಳನ್ನೂ ತ್ಯಜಿಸುತ್ತೀರಾ ಎಂದು ಗುರುಗಳು ಕೇಳಿದಾಗ ಒಕ್ಕೊರಲಿನಿಂದ ಉತ್ತರಿಸುತ್ತೇವೆ. ನಮ್ಮಲ್ಲಿ ಬಹುಮಂದಿ ಕೈಗೂಸಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು. ಅಂದು ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನಮ್ಮ ಹೆತ್ತವರು ಮತ್ತು ಜ್ಞಾನ ತಂದೆತಾಯಿಯರು. ಅವರ ಆ ಉತ್ತರದ ಬೆಲೆ ಏನು? ಇದನ್ನು ಅರಿಯಲು 1,600 ವರ್ಷಗಳ ಹಿಂದೆ ಬಾಳಿದ ಒಂದು ಕುಟುಂಬದ ಚರಿತ್ರೆ ನಮಗೆ ನೆರವಾಗುತ್ತದೆ.

ನೀರಿಗೆ ಹೆದರಿದ ಕಾಲ

ಸಂತ ಅಗಸ್ಟೀನರು ಹುಟ್ಟಿದ್ದು 354ರ ನವೆಂಬರ್ 13ರಂದು, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಊರಿನಲ್ಲಿ. ಇಂದು ಅದು ಆಲ್ಜೀರಿಯಾ ದೇಶದಲ್ಲಿದೆ. ತಾಯಿ ಮೋನಿಕ ದೃಢ ವಿಶ್ವಾಸಿ. ತಂದೆ ಪ್ಯಾಟ್ರಿಸಿಯಸ್ ಆಗ ಇನ್ನೂ ಕ್ರೈಸ್ತರಾಗಿರಲಿಲ್ಲ. ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಸಿ, ನಾಲಿಗೆಗೆ ಉಪ್ಪು ಇಡಿಸಿ, ತಾಯಿ ಅವನನ್ನು ದೀಕ್ಷಾರ್ಥಿಗಳ ಸಾಲಿಗೆ ಸೇರಿಸಿದರು. ಆದರೆ ದೀಕ್ಷಾಸ್ನಾನ ಕೊಡಿಸಲಿಲ್ಲ.

ಅಗಸ್ಟೀನ್ ಬಾಲಕನಾಗಿದ್ದಾಗ ಒಮ್ಮೆ ವಿಪರೀತ ಹೊಟ್ಟೆನೋವು ಬಂದು ಸಾಯುವ ಸ್ಥಿತಿಗೆ ತಲುಪಿದ. ತನಗೆ ದೀಕ್ಷಾಸ್ನಾನ ಬೇಕೆಂದು ತಾನೇ ಅಂಗಲಾಚಿದ. ತಾಯಿ ಗಾಬರಿಯಿಂದ ಅದಕ್ಕೆ ಸಿದ್ಧತೆ ನಡೆಸಿದರು. ಅಷ್ಟರಲ್ಲಿ ಹುಡುಗ ಚೇತರಿಸಿಕೊಂಡ, ದೀಕ್ಷಾಸ್ನಾನ ಮತ್ತೆ ಮುಂದಕ್ಕೆ ಹೋಯಿತು.

ಏಕೆ ಹೀಗೆ? ದೀಕ್ಷಾಸ್ನಾನವು ಹಿಂದಿನ ಪಾಪಗಳನ್ನೆಲ್ಲ ತೊಳೆಯುತ್ತದೆ, ಆದರೆ ಅದನ್ನು ಪಡೆಯುವುದು ಜೀವನದಲ್ಲಿ ಒಮ್ಮೆ ಮಾತ್ರ. ಅದರ ನಂತರ ಘೋರ ಪಾಪಕ್ಕೆ ಬಿದ್ದವರಿಗೆ ಅಂದಿನ ಧರ್ಮಸಭೆಯಲ್ಲಿದ್ದುದು ದೀರ್ಘಕಾಲದ, ಎಲ್ಲರೆದುರು ಮಾಡಬೇಕಾದ ಕಠಿಣ ಪ್ರಾಯಶ್ಚಿತ್ತ. ಆದ್ದರಿಂದ ಯೌವನದ ಬಿರುಗಾಳಿ ಕಳೆಯಲಿ ಎಂದು ಕಾಯುವವರೇ ಹೆಚ್ಚು. ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಕ್ಕೆ ಸ್ವಲ್ಪ ಮೊದಲು. ಪ್ಯಾಟ್ರಿಸಿಯಸ್ ಸಹ ತಮ್ಮ ಬಾಳಿನ ಕೊನೆಯಲ್ಲೇ ಅದನ್ನು ಪಡೆದರು.

ಇದು ಧರ್ಮಸಭೆಯ ಮೂಲ ಪದ್ಧತಿಯಾಗಿರಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಲಿಡಿಯಾ ಮತ್ತು ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಮನೆಮಂದಿಯೊಡನೆ ದೀಕ್ಷಾಸ್ನಾನ ಪಡೆದುದನ್ನು ಓದುತ್ತೇವೆ (16:15, 33). ಅಗಸ್ಟೀನರಿಗಿಂತ 100 ವರ್ಷ ಮೊದಲೇ, ಅದೇ ಆಫ್ರಿಕಾದ ಕಾರ್ಥೇಜಿನಲ್ಲಿ ಸಂತ ಸಿಪ್ರಿಯನ್ ಮತ್ತು ಇತರ ಧರ್ಮಾಧ್ಯಕ್ಷರು ಕೂಡಿ, ಹುಟ್ಟಿದ ಮಗುವಿಗೆ ಎಂಟನೆಯ ದಿನದವರೆಗೂ ಕಾಯಬೇಕಿಲ್ಲ, ದೇವರ ಕೃಪೆಯನ್ನು ಯಾರಿಗೂ ತಡೆಯಬಾರದು ಎಂದು ತೀರ್ಮಾನಿಸಿದ್ದರು. ಮುಂದೆ ಅಗಸ್ಟೀನರೂ ತಮ್ಮ ಬಾಲ್ಯವನ್ನು ನೆನೆದು ಈ ವಿಳಂಬವನ್ನು ಪ್ರಶ್ನಿಸಿದರು. ಅವನಿಗಿನ್ನೂ ದೀಕ್ಷಾಸ್ನಾನವಾಗಿಲ್ಲ, ಮನಬಂದಂತೆ ಮಾಡಲಿ ಬಿಡಿ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಗಾಯಗೊಂಡವನನ್ನು ಕಂಡು ಇನ್ನಷ್ಟು ಗಾಯವಾಗಲಿ ಎಂದು ಯಾರಾದರೂ ಬಿಡುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಅರಿವಿಲ್ಲದವನಲ್ಲಿ ದೇವರ ಕಾರ್ಯ

ಅಗಸ್ಟೀನರು ಯುವಕರಾಗಿ ತಗಾಸ್ತೆಯಲ್ಲಿ ಪಾಠ ಹೇಳುತ್ತಿದ್ದಾಗ ಅವರಿಗೊಬ್ಬ ಪ್ರಾಣಸ್ನೇಹಿತನಿದ್ದ. ಅವನ ಹೆಸರನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿಲ್ಲ. ಅಗಸ್ಟೀನರೇ ಅವನನ್ನು ವಿಶ್ವಾಸದಿಂದ ದೂರ ಎಳೆದಿದ್ದರು. ಅವನಿಗೆ ಜ್ವರ ಬಂದು ಪ್ರಜ್ಞೆ ತಪ್ಪಿತು. ಬದುಕುವ ಆಸೆ ಕಾಣದೆ ಮನೆಯವರು ಆ ಸ್ಥಿತಿಯಲ್ಲೇ ದೀಕ್ಷಾಸ್ನಾನ ಕೊಡಿಸಿದರು. ಪ್ರಜ್ಞೆ ಮರಳಿದ ಮೇಲೆ ಅಗಸ್ಟೀನರು ಅದನ್ನು ತಮಾಷೆ ಮಾಡಿದರು, ಗೆಳೆಯನೂ ನಗುವನೆಂದುಕೊಂಡರು. ಆದರೆ ಅವನು ಶತ್ರುವನ್ನು ಕಂಡಂತೆ ಬೆಚ್ಚಿ, ಗೆಳೆತನ ಉಳಿಯಬೇಕಾದರೆ ಇಂಥ ಮಾತು ನಿಲ್ಲಿಸು ಎಂದು ನೇರವಾಗಿ ಹೇಳಿದ. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಅವನು ತೀರಿಕೊಂಡ.

ಏನೂ ತಿಳಿಯದ ಸ್ಥಿತಿಯಲ್ಲಿ ಪಡೆದ ದೀಕ್ಷಾಸ್ನಾನ ಆ ಯುವಕನನ್ನು ಹೊಸ ಮನುಷ್ಯನನ್ನಾಗಿ ಮಾಡಿತ್ತು! ಮಗುವಿಗೆ ಏನು ತಿಳಿಯುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಉತ್ತಮ ಉತ್ತರ ಬೇಕೇ? ಈ ಸಂಸ್ಕಾರದಲ್ಲಿ ಮೊದಲ ಹೆಜ್ಜೆ ದೇವರದು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾದ ಮೇಲೆ ಅಗಸ್ಟೀನರು ಇದನ್ನೇ ಬೋಧಿಸಿದರು: ನೀರೆರೆಯುವ ಗುರು ಯಾರೇ ಆಗಿರಲಿ, ದೀಕ್ಷಾಸ್ನಾನ ಕೊಡುವವರು ಸ್ವತಃ ಕ್ರಿಸ್ತರು.

ಮಿಲಾನಿನ ಆ ರಾತ್ರಿ

384ರಲ್ಲಿ ಅಗಸ್ಟೀನರು ಅಧ್ಯಾಪಕರಾಗಿ ಇಟಲಿಯ ಮಿಲಾನಿಗೆ ಬಂದರು. ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳು ಅವರ ಮನಸ್ಸನ್ನು ತಟ್ಟಿದವು. ಅಂಬ್ರೋಸರೂ ತಡವಾಗಿ ದೀಕ್ಷಾಸ್ನಾನ ಪಡೆದವರೇ. 374ರಲ್ಲಿ ಜನರು ಅವರನ್ನು ಧರ್ಮಾಧ್ಯಕ್ಷರನ್ನಾಗಿ ಆರಿಸಿದಾಗ ಅವರಿನ್ನೂ ದೀಕ್ಷಾರ್ಥಿಯಾಗಿದ್ದ ರಾಜ್ಯಪಾಲರು!

386ರಲ್ಲಿ ಮನಪರಿವರ್ತನೆ ಹೊಂದಿದ ಅಗಸ್ಟೀನರು ಮರುವರ್ಷದ ತಪಸ್ಸುಕಾಲದಲ್ಲಿ ದೀಕ್ಷಾರ್ಥಿಗಳೊಡನೆ ಸಿದ್ಧತೆಗೆ ಕುಳಿತರು. ಜೊತೆಗೆ ಗೆಳೆಯ ಅಲಿಪಿಯಸ್, ಸುಮಾರು 15 ವರ್ಷದ ಮಗ ಅದೆಯೊದಾತುಸ್. ಅಲಿಪಿಯಸ್ ತಪಸ್ಸಿಗಾಗಿ ಇಟಲಿಯ ಹಿಮಗಟ್ಟಿದ ನೆಲದ ಮೇಲೆ ಬರಿಗಾಲಿನಲ್ಲಿ ನಡೆದರು. ನಮ್ಮ ತಪಸ್ಸುಕಾಲದ ಮೂಲ ಅರ್ಥಗಳಲ್ಲಿ ಇದೂ ಒಂದು: ಅದು ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ಕಾಲ.

387ರ ಏಪ್ರಿಲ್ 24ರ ರಾತ್ರಿ, ಪಾಸ್ಕ ಜಾಗರಣೆಯಲ್ಲಿ, ಈ ಮೂವರು ಎಂಟು ಮೂಲೆಯ ತೊಟ್ಟಿಗೆ ಇಳಿದರು. ಎಂಟು ಪುನರುತ್ಥಾನದ ಸಂಖ್ಯೆ. ಏಳು ದಿನಗಳ ವಾರ ಮುಗಿದು ಹೊಸ ಸೃಷ್ಟಿ ಆರಂಭವಾದ ದಿನ. ದೀಕ್ಷಾರ್ಥಿಗಳು ಸೈತಾನನನ್ನು ತ್ಯಜಿಸಿ, ಪೂರ್ವಕ್ಕೆ ತಿರುಗಿ ಕ್ರಿಸ್ತರನ್ನು ಅರಿಕೆ ಮಾಡುತ್ತಿದ್ದರು. ಪಿತ, ಸುತ, ಪವಿತ್ರಾತ್ಮರಲ್ಲಿ ವಿಶ್ವಾಸವಿದೆಯೇ ಎಂಬ ಒಂದೊಂದು ಪ್ರಶ್ನೆಗೂ ಉತ್ತರಿಸಿ ಮೂರು ಬಾರಿ ಮುಳುಗುತ್ತಿದ್ದರು. ಮೇಲೆ ಬಂದವರಿಗೆ ಬಿಳಿ ವಸ್ತ್ರ. ಮಿಲಾನಿನಲ್ಲಿ ಅವರ ಪಾದಗಳನ್ನೂ ತೊಳೆಯುತ್ತಿದ್ದರು. ಕ್ರಿಸ್ತರೊಡನೆ ಸತ್ತು, ಹೂಳಲ್ಪಟ್ಟು, ಹೊಸ ಬಾಳಿಗೆ ಏಳುತ್ತೇವೆ ಎಂಬ ಸಂತ ಪೌಲರ ಬೋಧನೆ (ರೋಮ 6:3-4) ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಆ ತೊಟ್ಟಿಯ ಅವಶೇಷಗಳನ್ನು ಮಿಲಾನಿನ ಮಹಾದೇವಾಲಯದ ಅಡಿಯಲ್ಲಿ ಇಂದಿಗೂ ನೋಡಬಹುದು.

ಅದೇ ವರ್ಷ ಮೋನಿಕ, ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಬದುಕಿನಲ್ಲಿ ಬಯಸಿದ್ದನ್ನು ಅವರು ಕಂಡಾಗಿತ್ತು.

ನಾವು ಮುಂದೂಡುತ್ತಿರುವುದು

ಮುಂದಿನ ಶತಮಾನಗಳಲ್ಲಿ ಶಿಶು ದೀಕ್ಷಾಸ್ನಾನ ಎಲ್ಲೆಡೆ ರೂಢಿಗೆ ಬಂದು, ದೀಕ್ಷಾರ್ಥಿಗಳ ದೀರ್ಘ ಸಿದ್ಧತೆ ಮರೆಯಾಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಯಸ್ಕರಿಗಾಗಿ ಆ ಪದ್ಧತಿಯನ್ನು ಮತ್ತೆ ಜಾರಿಗೆ ತರುವಂತೆ ವಿಧಿಸಿತು. 1972ರಲ್ಲಿ ಅದರ ವಿಧಿ ಹೊರಬಂತು. ಶಿಶುಗಳಿಗಾಗಿ 1969ರಲ್ಲಿ ಬಂದ ವಿಧಿಯು ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ನೇರವಾಗಿ ಹೆತ್ತವರ ಮೇಲಿಟ್ಟಿತು. ಅಂದರೆ, ಅಂದು ತೊಟ್ಟಿಗೆ ಇಳಿಯುವ ಮುನ್ನ ನಡೆಯುತ್ತಿದ್ದ ಕಲಿಕೆ ಇಂದು ತೊಟ್ಟಿಯಿಂದ ಮನೆಗೆ ಬಂದ ಮೇಲೆ ನಡೆಯಬೇಕು.

ಆದರೆ ನಡೆಯುತ್ತಿದೆಯೇ? ಊಟ, ಉಡುಗೊರೆ, ಫೋಟೊ, ವಿಡಿಯೊಗಳಿಗೆ ತಿಂಗಳುಗಟ್ಟಲೆ ತಯಾರಿ ನಡೆಸುತ್ತೇವೆ. ಜ್ಞಾನ ತಂದೆತಾಯಿಯರನ್ನು ಆರಿಸುವಾಗ ಅವರ ವಿಶ್ವಾಸಕ್ಕಿಂತ ನೆಂಟಸ್ತಿಕೆಯನ್ನೂ ಅಂತಸ್ತನ್ನೂ ನೋಡುತ್ತೇವೆ. ಆಮೇಲೆ ಎಲ್ಲವನ್ನೂ ಧರ್ಮೋಪದೇಶ ತರಗತಿಗೆ ಬಿಟ್ಟುಬಿಡುತ್ತೇವೆ. ಪರೀಕ್ಷೆ ಬಂದರೆ ಆ ತರಗತಿಗೂ ರಜೆ!

ಮೋನಿಕ ನೀರನ್ನು ಮುಂದೂಡಿದರು, ಆದರೆ ವಿಶ್ವಾಸದ ಪಾಲನೆಯನ್ನು ಒಂದು ದಿನವೂ ಮುಂದೂಡಲಿಲ್ಲ. ಕ್ರಿಸ್ತರ ನಾಮವನ್ನು ತಾಯಿಯ ಹಾಲಿನೊಂದಿಗೇ ಕುಡಿದೆನೆಂದು ಮಗ ಸಾಕ್ಷಿ ನುಡಿದಿದ್ದಾರೆ. ದಾರಿ ತಪ್ಪಿದ ವರ್ಷಗಳಲ್ಲೂ ಅವರನ್ನು ಹಿಡಿದಿಟ್ಟದ್ದು ಆ ನಾಮ. ನಾವು ನೀರನ್ನು ಬೇಗನೆ ಕೊಡುತ್ತೇವೆ, ಪಾಲನೆಯನ್ನು ಮುಂದೂಡುತ್ತೇವೆ. ದೇವರು ಬೀಜ ಬಿತ್ತಿಯಾಗಿದೆ. ನೀರುಣಿಸುವ ಕೆಲಸ ನಮಗೆ ಸೇರಿದ್ದು.

ಪ್ರಿಯ ಹೆತ್ತವರೇ, ಇದಕ್ಕೆ ಪಾಂಡಿತ್ಯ ಬೇಕಿಲ್ಲ. ಮಲಗುವ ಮುನ್ನ ಮಗುವಿನ ಹಣೆಯ ಮೇಲೊಂದು ಶಿಲುಬೆಯ ಗುರುತು, ಒಟ್ಟಿಗೆ ಕುಳಿತು ಒಂದು ಜಪ, ಶುಭಸಂದೇಶದಿಂದ ಒಂದು ಕಥೆ ಸಾಕು, ಆರಂಭಕ್ಕೆ. ಇದನ್ನು ಇಂದು ರಾತ್ರಿಯೇ ಆರಂಭಿಸೋಣ. ಪುನರುತ್ಥಾನರಾದ ಪ್ರಭು ನಮ್ಮ ಮನೆಗಳನ್ನು ಆಶೀರ್ವದಿಸಲಿ.