ಬೀದರ ಸೀಮೆಯ ಅಪರಾಧ ವಿಚಾರಣೆಯಲ್ಲಿ ವಕೀಲನ ಸ್ಥಾನ

ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಆದುದರಿಂದ ಇಲ್ಲಿಯ ವಕೀಲವೃತ್ತಿಯ ಇತಿಹಾಸವನ್ನು ಹಳೆಯ ಮೈಸೂರಿನ ಅಥವಾ ಮುಂಬಯಿ ಕರ್ನಾಟಕದ ಇತಿಹಾಸದೊಡನೆ ಒಂದೇ ಅಳತೆಗೋಲಿನಿಂದ ಅಳೆಯುವುದು ಯುಕ್ತವಲ್ಲ. ಆಪಾದಿತನ ಪಾಲಿಗೆ ವಕೀಲನು ಮೊದಲು ಏನಾಗಿದ್ದನು, ಮುಂದೆ ಏನಾದನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಿಜಾಮರ ಆಡಳಿತದಲ್ಲಿ ನ್ಯಾಯಾಲಯಗಳ ಭಾಷೆ ಮೊದಲು ಪಾರಸಿಯಾಗಿದ್ದಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಉರ್ದು ಆ ಸ್ಥಾನಕ್ಕೆ ಬಂದಿತು. ಆದರೆ ಭಾಲ್ಕಿ, ಔರಾದಗಳ ರೈತರಲ್ಲಿ ಬಹುಮಂದಿಯ ಮನೆಮಾತು ಕನ್ನಡ ಇಲ್ಲವೆ ಮರಾಠಿ. ತನ್ನ ಮೇಲಣ ಆರೋಪವನ್ನಾಗಲಿ ತೀರ್ಪನ್ನಾಗಲಿ ಅಂಥವನು ಸ್ವತಃ ಓದಿ ತಿಳಿಯುವಂತಿರಲಿಲ್ಲ. ಕಾನೂನನ್ನು ಬಲ್ಲವನಾಗಿದ್ದರೆ ಮಾತ್ರ ವಕೀಲನಿಗೆ ಸಾಲದು. ಅವನು ಎರಡು ಭಾಷೆಗಳ ನಡುವಣ ಸೇತುವೆಯೂ ಆಗಬೇಕಾಗಿದ್ದಿತು. 1920ರ ದಶಕದ ಆರಂಭದಲ್ಲಿ ನಿಜಾಮ ಸರಕಾರವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿದುದು ಶ್ಲಾಘ್ಯವೇ ಸರಿ. ಆದರೂ ಶುಲ್ಕ ಕೊಡಲಾರದವನಿಗೆ ಆ ಸೇತುವೆ ದೊರೆಯುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಅನಂತರ ವಿಶೇಷ ನ್ಯಾಯಮಂಡಳಿಗಳು ಏರ್ಪಟ್ಟವು. ಅವುಗಳಿಂದ ಮರಣದಂಡನೆಗೆ ಗುರಿಯಾದ ತೆಲಂಗಾಣದ ಕೆಲವು ರೈತ ಹೋರಾಟಗಾರರು, ವಿಚಾರಣೆಯಲ್ಲಿ ತಮಗೆ ವಕೀಲರಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇದೇ ಜನಾರ್ದನ ರೆಡ್ಡಿ ಪ್ರಕರಣ. ವಕೀಲನ ಮೂಲಕ ಸಮರ್ಥಿಸಿಕೊಳ್ಳುವ ಹಕ್ಕು ಆಪಾದಿತನಿಗೆ ಉಂಟು. ಆದರೆ ವಕೀಲನಿಲ್ಲದ ಮಾತ್ರಕ್ಕೆ ವಿಚಾರಣೆ ಅಸಿಂಧುವಾಗದು ಎಂದು ನ್ಯಾಯಾಲಯವು 1951ರ ಮಾರ್ಚಿಯಲ್ಲಿ ನಿರ್ಣಯಿಸಿತು. ಪ್ರಕರಣ ತೆಲಂಗಾಣದ್ದಾದರೂ, ಅಲ್ಲಿ ವಿವೇಚನೆಗೆ ಬಂದ ಹೈದರಾಬಾದು ಸಂಹಿತೆಯೇ ಬೀದರದಲ್ಲಿಯೂ ಜಾರಿಯಲ್ಲಿದ್ದಿತು. ಹಕ್ಕು ಗ್ರಂಥಸ್ಥವಾಗಿದ್ದರೂ, ಅದನ್ನು ಎಲ್ಲರಿಗೂ ಒದಗಿಸುವ ಹೊಣೆ ರಾಜ್ಯದ ಮೇಲೆ ಇನ್ನೂ ಬಿದ್ದಿರಲಿಲ್ಲ.

1951ರ ಏಪ್ರಿಲ್ 1ರಿಂದ 1898ರ ಭಾರತೀಯ ಸಂಹಿತೆ ಹೈದರಾಬಾದಿಗೂ ಅನ್ವಯಿಸಿತು. 1956ರಲ್ಲಿ ಬೀದರ ಮೈಸೂರು ರಾಜ್ಯವನ್ನು ಸೇರಿತು. 1961ರ ವಕೀಲರ ಅಧಿನಿಯಮವು ದೇಶಕ್ಕೆಲ್ಲ ಒಂದೇ ವರ್ಗದ ವಕೀಲರನ್ನು ವಿಧಿಸಿತು. ಆದರೆ ಬಡವನ ಸ್ಥಿತಿಯಲ್ಲಿ ನಿಜವಾದ ಬದಲಾವಣೆ ಉಂಟಾದುದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ಅದರ 304ನೆಯ ಕಲಮಿನ ಮೇರೆಗೆ, ಸೆಷನ್ಸ್ ವಿಚಾರಣೆಯಲ್ಲಿ ವಕೀಲನನ್ನು ಗೊತ್ತುಮಾಡಿಕೊಳ್ಳಲು ಅಶಕ್ತನಾದವನಿಗೆ ಸರಕಾರದ ವೆಚ್ಚದಿಂದ ವಕೀಲನನ್ನು ನೇಮಿಸುವುದು ಕಡ್ಡಾಯವಾಯಿತು. 1986ರಲ್ಲಿ ಸುಕ್ ದಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಮುಂದೆ ಹೋಯಿತು: ಆಪಾದಿತನು ಕೇಳಲಿಲ್ಲವೆಂಬುದು ನೆಪವಾಗದು, ಉಚಿತ ನೆರವಿನ ಹಕ್ಕನ್ನು ಅವನಿಗೆ ತಿಳಿಸದೆ ವಿಧಿಸಿದ ಶಿಕ್ಷೆ ನಿಲ್ಲದು. 1951ರ ನಿಲುವಿಗೂ ಇದಕ್ಕೂ ನಡುವೆ 35 ವರ್ಷಗಳ ಅಂತರವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನೂತನ ಸಂಹಿತೆಯೂ ತನ್ನ 341ನೆಯ ಕಲಮಿನಲ್ಲಿ ಈ ಹೊಣೆಯನ್ನು ಉಳಿಸಿಕೊಂಡಿದೆ.

ದೂರದ ಅಡಚಣೆಯೂ ಕಡಿಮೆಯಾಗಿದೆ. ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ನಡೆಸಲು ಬೀದರದವರು ಸುಮಾರು 700 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾಗಿದ್ದಿತು; 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಯಿತು, 2013ರಲ್ಲಿ ಅದು ಕಾಯಂ ಆಯಿತು.

ವಕೀಲ, ವಕಾಲತ್ತು, ಜಾಮೀನು ಎಂಬ ಮಾತುಗಳು ಇಂದಿಗೂ ಕನ್ನಡದಲ್ಲಿ ನೆಲೆನಿಂತಿವೆ. ಆದರೆ ವಕೀಲನು ಈಗ ಹಣವಂತನು ಕೊಳ್ಳುವ ನೆರವು ಮಾತ್ರವಲ್ಲ, ನ್ಯಾಯಬದ್ಧ ವಿಚಾರಣೆಯ ಅಂಗವೇ ಆಗಿದ್ದಾನೆ. ಹಾಗಿದ್ದರೂ ಮೊದಲಿನ ಕರ್ತವ್ಯ ಅವನನ್ನು ಬಿಟ್ಟಿಲ್ಲ. ಔರಾದದ ಆಪಾದಿತನು ತನ್ನ ಮೇಲಿನ ಆರೋಪವನ್ನು ತನ್ನ ಮಾತಿನಲ್ಲಿ ತಿಳಿದುಕೊಂಡನೇ? ನೇಮಕದ ಆದೇಶವೊಂದರಿಂದಲೇ ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ವಕೀಲನು ಅವನೊಡನೆ ಕುಳಿತು ಮಾತನಾಡಿದಾಗ ದೊರೆಯುತ್ತದೆ.